ಕಪ್ಪು ಪರದೆಯ ಹಿಂದಿನ ಲೆಕ್ಕ ತಪಾಸಣೆ

ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತುತ್ತೇವೆ. ತಯಾರಕರ ಹೆಸರು ಒಂದು ಕ್ಷಣ ಮಿಂಚಿ ಮರೆಯಾಗುತ್ತದೆ. ಆಮೇಲೆ ಪರದೆ ಕಪ್ಪಾಗಿ ಹಾಗೆಯೇ ನಿಂತುಬಿಡುತ್ತದೆ. ಅಕ್ಷರವಿಲ್ಲ, ಚಿತ್ರವಿಲ್ಲ, ಸದ್ದೂ ಇಲ್ಲ. ಒಂದು ನಿಮಿಷ ಕಾಯುತ್ತೇವೆ, ಎರಡು ನಿಮಿಷ ಕಾಯುತ್ತೇವೆ. ಮೂರನೆಯ ನಿಮಿಷಕ್ಕೆ ಕೈ ತಾನಾಗಿಯೇ ಸ್ವಿಚ್ಚಿನ ಕಡೆಗೆ ಹೋಗುತ್ತದೆ. “ಕೆಟ್ಟುಹೋಯಿತು, ಆರಿಸಿ ಮತ್ತೆ ಹಾಕಿ ನೋಡೋಣ” ಎಂದು ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಯಂತ್ರ ನಿಜವಾಗಿಯೂ ಕೆಟ್ಟಿರಬಹುದು. ಆದರೆ ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ. ಒಳಗೆ ಕುಳಿತು ತನ್ನ ದಫ್ತರದ ಲೆಕ್ಕವನ್ನು ತಾಳೆ ನೋಡುತ್ತಿರುತ್ತದೆ. ಈ ತಾಳೆ ನೋಡುವ ಪದ್ಧತಿ ಯಾವಾಗ ಹುಟ್ಟಿತು, ಒಂದು ಕಾಲಕ್ಕೆ ಬಾಯಿಬಿಟ್ಟು ಹೇಳಿಕೊಂಡು ಮಾಡುತ್ತಿದ್ದ ಕೆಲಸವನ್ನು ಯಂತ್ರ ಈಗ ಮೌನವಾಗಿ ಮಾಡುವಂತಾದುದು ಹೇಗೆ, ಆ ಮೌನ ನಮಗೆ ಏಕೆ ದುಬಾರಿಯಾಗುತ್ತಿದೆ ಎಂಬುದನ್ನು ತಿಳಿಯುವುದು ಪ್ರಯೋಜನಕರ. ಏಕೆಂದರೆ ಊರು ಬಿಟ್ಟು ಬಂದಿರುವ ನಮ್ಮಂಥವರ ಮನೆಗಳಲ್ಲಿ ಆ ಪೆಟ್ಟಿಗೆಯೊಳಗೆ ಇರುವುದು ಬರೀ ಲೆಕ್ಕಪತ್ರಗಳಲ್ಲ. ಊರಿನ ಮನೆಯ ಫೋಟೋಗಳು, ಅಜ್ಜಿ ಹಾಡಿದ ಸೋಬಾನೆಯ ಧ್ವನಿ, ಮಕ್ಕಳ ಅಂಕಪಟ್ಟಿಗಳು, ಜಮೀನಿನ ಪಹಣಿಯ ಪ್ರತಿ ಎಲ್ಲವೂ ಅಲ್ಲೇ ಇರುತ್ತವೆ.

ಡಿಸ್ಕೆಂಬ ದಫ್ತರ

ಮೊಟ್ಟಮೊದಲ ವಾಣಿಜ್ಯ ಡಿಸ್ಕನ್ನು ಐಬಿಎಂ ಸಂಸ್ಥೆ 1956ರಲ್ಲಿ ತನ್ನ ರಾಮ್ಯಾಕ್ ಯಂತ್ರದೊಂದಿಗೆ ಹೊರತಂದಿತು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳು ಒಂದರ ಮೇಲೊಂದು ತಿರುಗುತ್ತಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಒಂದು ಫೋಟೋ ಅದಕ್ಕಿಂತ ಹೆಚ್ಚು ಜಾಗ ತಿನ್ನುವುದುಂಟು. ತಟ್ಟೆ ಚಿಕ್ಕದಾಗಿದೆ, ಸಾಮರ್ಥ್ಯ ಬೆಳೆದಿದೆ. ಆದರೆ ಮೂಲದ ತೊಡಕು ಮಾತ್ರ ಹಾಗೆಯೇ ಇದೆ. ಡಿಸ್ಕಿನ ಮೇಲೆ ವಿಷಯವನ್ನು ಬರೆದರಷ್ಟೇ ಸಾಲದು, ಯಾವ ವಿಷಯ ಎಲ್ಲಿದೆ ಎಂಬ ಪಟ್ಟಿಯನ್ನೂ ಬರೆದಿಡಬೇಕು.

ಫೈಲಿಗೆ ನಾವು ಕನ್ನಡದಲ್ಲಿ ಬಳಸುವ ಕಡತ ಎಂಬ ಪದವನ್ನೇ ನೋಡಿ. ಹಿಂದೆ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಕಡತದ ಗುಣವೆಂದರೆ ಅಳಿಸಿ ಮತ್ತೆ ಬರೆಯಬಹುದು. ಡಿಸ್ಕಿನ ಗುಣವೂ ಅದೇ. ಅಳಿಸಿ ಬರೆಯುವ ಅನುಕೂಲವಿರುವಲ್ಲಿ ಅರ್ಧ ಅಳಿಸಿ ಅರ್ಧ ಬರೆದು ಬಿಡುವ ಅಪಾಯವೂ ಇದ್ದೇ ಇರುತ್ತದೆ.

ಒಂದು ಪತ್ರವನ್ನು ಡಿಸ್ಕಿಗೆ ಉಳಿಸುವಾಗ ಯಂತ್ರ ಕನಿಷ್ಠ ನಾಲ್ಕು ಕಡೆ ಬರೆಯಬೇಕಾಗುತ್ತದೆ. ಪತ್ರದ ಒಕ್ಕಣೆ ಒಂದು ಕಡೆ. ಅದರ ಅಳತೆ, ದಿನಾಂಕ, ಇರುವ ಜಾಗ ಇನ್ನೊಂದು ಕಡೆ. ಹೆಸರು ಮತ್ತೊಂದು ಕಡೆ. ಇಷ್ಟು ಜಾಗ ಈಗ ಖಾಲಿಯಿಲ್ಲ ಎಂಬ ನಮೂದು ಮಗದೊಂದು ಕಡೆ. ಈ ನಾಲ್ಕರ ನಡುವೆ ಕರೆಂಟು ಹೋದರೆ ಲೆಕ್ಕ ಹೊಂದುವುದಿಲ್ಲ. ರಶೀದಿ ಹರಿದುಕೊಟ್ಟಿದೆ, ರೋಕಡ ಪುಸ್ತಕದಲ್ಲಿ ನಮೂದಿಲ್ಲ ಎಂಬಂತಾಗುತ್ತದೆ. ಇದರ ಮೇಲೆಯೇ ಮರುದಿನದ ವ್ಯವಹಾರ ನಡೆಸಿದರೆ, ಖಾಲಿಯೆಂದು ತಿಳಿದ ಜಾಗದಲ್ಲಿ ಹೊಸದನ್ನು ಬರೆದು ಹಳೆಯದನ್ನು ಅಳಿಸಿಬಿಡುವ ಸಂಭವವಿದೆ. ಆದ್ದರಿಂದಲೇ ವ್ಯವಹಾರ ಶುರುವಾಗುವ ಮೊದಲು, ಅಂದರೆ ಯಂತ್ರ ಏಳುವ ಹೊತ್ತಿನಲ್ಲೇ, ತಪಾಸಣೆ ನಡೆಯಬೇಕು.

ಕೈಯಿಂದ ಮಾಡಿದ ತಪಾಸಣೆ

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ವ್ಯವಸ್ಥೆಯ ಕೆಲಸ ಆರಂಭಿಸಿದರು. ಯೂನಿಕ್ಸಿನಲ್ಲಿ ಪ್ರತಿ ಕಡತಕ್ಕೂ ಒಂದು ಸಂಖ್ಯೆಯ ಕಾರ್ಡು ಇರುತ್ತದೆ. ಅದಕ್ಕೆ ಐನೋಡ್ ಎಂದು ಹೆಸರು. ಕಡತದ ಹೆಸರು ಬೇರೆ ಪಟ್ಟಿಯಲ್ಲಿ, ಕಾರ್ಡು ಬೇರೆ ಜಾಗದಲ್ಲಿ. ಎರಡೂ ಒಂದಕ್ಕೊಂದು ತಾಳೆಯಾಗುತ್ತಿರಬೇಕು.

ಯಂತ್ರ ಅರ್ಧದಲ್ಲಿ ನಿಂತು ಮತ್ತೆ ಎದ್ದಾಗ ತಾಳೆ ನೋಡುವ ಹೊಣೆ ಆ ಕಾಲದಲ್ಲಿ ಮನುಷ್ಯನದೇ ಆಗಿತ್ತು. ಅವನ ಕೈಗೆ ಕೆಲವು ಸಣ್ಣ ಉಪಕರಣಗಳನ್ನು ಕೊಟ್ಟಿದ್ದರು. ಐಚೆಕ್ ಎಂಬುದು ಜಾಗದ ಲೆಕ್ಕ ನೋಡುತ್ತಿತ್ತು, ಡಿಚೆಕ್ ಎಂಬುದು ಹೆಸರುಗಳ ಪಟ್ಟಿಯನ್ನು ಕಾರ್ಡುಗಳೊಂದಿಗೆ ಹೋಲಿಸುತ್ತಿತ್ತು, ಎನ್‌ಚೆಕ್ ಸಂಖ್ಯೆ ಕೊಟ್ಟರೆ ಹೆಸರು ಹುಡುಕಿಕೊಡುತ್ತಿತ್ತು. ತಪ್ಪು ಕಂಡರೆ ಕ್ಲ್ರಿ ಎಂಬ ಆಜ್ಞೆಯಿಂದ ಕೆಟ್ಟ ಕಾರ್ಡನ್ನು ಒರೆಸಿಹಾಕಬೇಕು. ಯಾವುದನ್ನು ಒರೆಸಬೇಕು, ಯಾವುದನ್ನು ಉಳಿಸಬೇಕು ಎಂಬ ತೀರ್ಮಾನ ಪೂರ್ತಿಯಾಗಿ ಯಂತ್ರದ ಮುಂದೆ ಕುಳಿತವನದು. ಬಲ್ಲವನ ಕೈಯಲ್ಲಿ ಅದು ಔಷಧ, ಅರಿಯದವನ ಕೈಯಲ್ಲಿ ವಿಷ.

ಆಗಿನ ಇನ್ನೊಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಆ ದಿನಗಳಲ್ಲಿ ಅನೇಕ ಯಂತ್ರಗಳ ಮುಂದೆ ಗಾಜಿನ ಪರದೆಯೇ ಇರಲಿಲ್ಲ. ಟೈಪ್‌ರೈಟರಿನಂಥ ಟೆಲಿಟೈಪ್ ಯಂತ್ರ ಇರುತ್ತಿತ್ತು. ಕಂಪ್ಯೂಟರು ಹೇಳಿದ್ದೆಲ್ಲ ಕಟಕಟನೆ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಸದ್ದು ಕೇಳುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ. ಏನು ನಡೆಯಿತು ಎಂಬುದಕ್ಕೆ ಕಾಗದವೇ ಸಾಕ್ಷಿ. ಕಪ್ಪು ಪರದೆ ಎಂಬ ಸಮಸ್ಯೆ ಹುಟ್ಟುವುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ.

ಐದು ಹಂತಗಳ ಗುಮಾಸ್ತ

ಬಿಡಿಬಿಡಿಯಾಗಿದ್ದ ಈ ಉಪಕರಣಗಳ ಕೆಲಸವನ್ನೆಲ್ಲ ಒಂದೇ ಪ್ರೋಗ್ರಾಮಿನಲ್ಲಿ ಕೂಡಿಸಿದವರು ಟೆಡ್ ಕೊವಾಲ್‌ಸ್ಕಿ. ಅವರು 1978ರಲ್ಲಿ ಬೆಲ್ ಪ್ರಯೋಗಾಲಯದಿಂದ ಅದರ ವಿವರಣೆಯನ್ನು ಪ್ರಕಟಿಸಿದರು. ಅದರ ಹೆಸರು ಎಫ್‌ಎಸ್‌ಸಿಕೆ, ಅಂದರೆ ಫೈಲ್ ಸಿಸ್ಟಮ್ ಚೆಕ್. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಇದು ಐದು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲ ಹಂತದಲ್ಲಿ ಪ್ರತಿ ಕಾರ್ಡನ್ನೂ ತೆಗೆದು, ಅದು ಹೇಳುವ ಜಾಗ ಮತ್ತು ಅಳತೆ ಸರಿಯೇ, ಒಂದೇ ಜಾಗವನ್ನು ಎರಡು ಕಡತಗಳು ತಮ್ಮದೆನ್ನುತ್ತಿವೆಯೇ ಎಂದು ನೋಡುತ್ತದೆ. ಎರಡನೆಯದರಲ್ಲಿ ಹೆಸರುಗಳ ಪಟ್ಟಿ ಪರಿಶೀಲನೆ. ಮೂರನೆಯದರಲ್ಲಿ ಪ್ರತಿಯೊಂದು ಕಡತಕೋಶಕ್ಕೂ ಬುಡದಿಂದ ದಾರಿ ಇದೆಯೇ ಎಂಬ ವಿಚಾರಣೆ. ನಾಲ್ಕನೆಯದರಲ್ಲಿ ಒಂದು ಕಾರ್ಡನ್ನು ಎಷ್ಟು ಹೆಸರುಗಳು ಉಲ್ಲೇಖಿಸುತ್ತವೆ ಎಂಬ ಎಣಿಕೆ. ಐದನೆಯದರಲ್ಲಿ ಖಾಲಿ ಜಾಗದ ಪಟ್ಟಿ ತಾಳೆ. ಲೆಕ್ಕಪತ್ರ ಶಾಖೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ವೋಚರು, ರೋಕಡ, ಖಾತೆ, ಶಿಲ್ಕು ಎಂದು ನಾವು ಒಂದೊಂದಾಗಿ ನೋಡುವ ಕ್ರಮವೇ ಇದು.

ಹೆಸರು ಕಳೆದುಕೊಂಡು ಅನಾಥವಾದ ಕಡತ ಸಿಕ್ಕಿದರೆ ಅದನ್ನು ಎಸೆಯುವುದಿಲ್ಲ. ಲಾಸ್ಟ್ ಅಂಡ್ ಫೌಂಡ್ ಎಂಬ ಕಡತಕೋಶದಲ್ಲಿ ಕಾರ್ಡಿನ ಸಂಖ್ಯೆಯನ್ನೇ ಹೆಸರಾಗಿಟ್ಟು ಇರಿಸುತ್ತದೆ. ರೈಲ್ವೆ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಸಾಮಾನನ್ನು ಚೀಟಿ ಅಂಟಿಸಿ ಕೋಣೆಯಲ್ಲಿಡುವ ಹಾಗೆ. ವಸ್ತು ಉಳಿಯಿತು, ಆದರೆ ಅದು ಯಾರದೆಂದು ಬಿಚ್ಚಿ ನೋಡಿಯೇ ತಿಳಿಯಬೇಕು.

ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಯೂನಿಕ್ಸನ್ನು ಬೆಳೆಸಿದವರಲ್ಲಿ ಒಬ್ಬರಾದ ಮಾರ್ಷಲ್ ಕರ್ಕ್ ಮೆಕ್ಯೂಸಿಕ್, 1983ರ 4.2 ಆವೃತ್ತಿಗಾಗಿ ಹೊಸ ಕಡತ ವ್ಯವಸ್ಥೆಯನ್ನು ರಚಿಸಿದರು. ಅದಕ್ಕೆ ತಕ್ಕಂತೆ ಎಫ್‌ಎಸ್‌ಸಿಕೆಯೂ ಪರಿಷ್ಕೃತವಾಯಿತು. ಯಂತ್ರ ಏಳುವಾಗ ತಾನಾಗಿಯೇ ನಡೆಯುವ ತಪಾಸಣೆಗೆ ಒಂದು ವಿವೇಕದ ನಿಯಮವಿತ್ತು. ಕರೆಂಟು ಹೋದಾಗ ಸಹಜವಾಗಿ ಆಗುವ ಸಣ್ಣ ವ್ಯತ್ಯಾಸಗಳನ್ನು ಅದೇ ತಿದ್ದಿಕೊಳ್ಳಬಹುದು. ಅದಕ್ಕಿಂತ ದೊಡ್ಡ ತಪ್ಪು ಕಂಡರೆ ಕೈ ಹಾಕಕೂಡದು. ಕೆಲಸ ನಿಲ್ಲಿಸಿ, ಅನಿರೀಕ್ಷಿತ ವ್ಯತ್ಯಾಸ ಕಂಡುಬಂದಿದೆ, ತಾವೇ ನಿಂತು ತಪಾಸಣೆ ನಡೆಸಿರಿ ಎಂದು ಒಡೆಯನಿಗೆ ತಿಳಿಸಬೇಕು. ಕೂಡಿಸುವ ತಪ್ಪನ್ನು ತಾನೇ ತಿದ್ದಿ, ಹಣದ ವ್ಯತ್ಯಾಸವನ್ನು ಮೇಲಧಿಕಾರಿಗೆ ಮಂಡಿಸುವ ಒಳ್ಳೆಯ ಗುಮಾಸ್ತನ ನಡತೆ ಇದು. ಆದರೆ ಗುಮಾಸ್ತ ಮಂಡಿಸಿದ್ದು ಅಧಿಕಾರಿಯ ಕಣ್ಣಿಗೆ ಬೀಳಬೇಕು. ಪರದೆ ಕಪ್ಪಾಗಿದ್ದರೆ ಅವನ ವಿನಂತಿ ಯಾರಿಗೂ ಕಾಣುವುದಿಲ್ಲ.

ಮನೆಯ ಯಂತ್ರಕ್ಕೆ ಬಂದ ಬಗೆ

1981ರ ಆಗಸ್ಟಿನಲ್ಲಿ ಐಬಿಎಂ ಪರ್ಸನಲ್ ಕಂಪ್ಯೂಟರ್ ಬಂತು. ಅದರ ಡಾಸ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲೇ ಚೆಕ್‌ಡಿಸ್ಕ್ ಎಂಬ ಆಜ್ಞೆ ಇತ್ತು. ಆಗ ಇದ್ದುದು ಫ್ಲಾಪಿಗಳು. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟಿನ ಹಾರ್ಡ್‌ಡಿಸ್ಕ್ ಕೂಡಿಕೊಂಡಿತು. ಚೆಕ್‌ಡಿಸ್ಕ್ ತಾನಾಗಿ ನಡೆಯುತ್ತಿರಲಿಲ್ಲ, ಬಳಸುವವನೇ ಟೈಪು ಮಾಡಬೇಕಾಗಿತ್ತು. ಅನಾಥ ತುಣುಕುಗಳನ್ನು ಅದು ಕ್ರಮಸಂಖ್ಯೆಯ ಕಡತಗಳಾಗಿ ಕಟ್ಟಿಡುತ್ತಿತ್ತು. 1993ರಲ್ಲಿ ಡಾಸ್ 6.2ರೊಂದಿಗೆ ಸ್ಕ್ಯಾನ್‌ಡಿಸ್ಕ್ ಬಂತು. ನೀಲಿ ಹಿನ್ನೆಲೆಯಲ್ಲಿ ಹಳದಿ ಪಟ್ಟಿಯೊಂದು ಮುಂದಕ್ಕೆ ಸರಿಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ವಿಂಡೋಸ್ 95ರ 1996ರ ಪರಿಷ್ಕೃತ ಆವೃತ್ತಿಯಿಂದ, ಸರಿಯಾಗಿ ಮುಚ್ಚದ ಯಂತ್ರ ಮತ್ತೆ ಏಳುವಾಗ ಸ್ಕ್ಯಾನ್‌ಡಿಸ್ಕ್ ತಾನಾಗಿಯೇ ಶುರುವಾಗತೊಡಗಿತು. ನೀವು ಯಂತ್ರವನ್ನು ಕ್ರಮವಾಗಿ ಮುಚ್ಚಿಲ್ಲ ಎಂಬ ಆಪಾದನೆಯೂ ಜೊತೆಗಿರುತ್ತಿತ್ತು. ಕರೆಂಟು ಹೋದದ್ದು ವಿದ್ಯುತ್ ಕಂಪನಿಯ ತಪ್ಪು, ಬೈಗುಳ ಮಾತ್ರ ನಮಗೆ ಎಂದು ಜನ ಗೊಣಗಿದ್ದುಂಟು. ಆದರೂ ಆ ಬೈಗುಳಕ್ಕೆ ಒಂದು ಬೆಲೆ ಇತ್ತು. ಯಂತ್ರ ಬದುಕಿದೆ, ಕೆಲಸ ನಡೆಯುತ್ತಿದೆ, ಇಷ್ಟು ಮುಗಿದಿದೆ ಎಂದು ತಿಳಿಯುತ್ತಿತ್ತು.

1993ರ ವಿಂಡೋಸ್ ಎನ್‌ಟಿ ಮತ್ತು ಅದರ ಸಂತತಿಯಲ್ಲಿ ಆಟೋಚೆಕ್ ಎಂಬ ಪ್ರೋಗ್ರಾಮು ಈ ಕೆಲಸ ವಹಿಸಿಕೊಂಡಿತು. ಡಿಸ್ಕಿನ ಮೇಲೆ ಕೊಳಕು ಎಂದು ಗುರುತು ಹಾಕಿದ್ದರೆ, ಕಿಟಕಿ-ಚಿತ್ರಗಳೆಲ್ಲ ತೆರೆಯುವ ಮುನ್ನವೇ ಅದು ಓಡುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಬೇಡವೆನ್ನುವವರಿಗಾಗಿ ಹತ್ತರಿಂದ ಕೆಳಗೆ ಎಣಿಸುವ ಅವಕಾಶವಿತ್ತು.

ಮೊದಲು ಕಿರ್ದಿ, ಆಮೇಲೆ ಖಾತೆ

ಡಿಸ್ಕುಗಳು ಬೆಳೆದ ಹಾಗೆ ಒಂದು ಹೊಸ ಕಷ್ಟ ಎದುರಾಯಿತು. ಎಲ್ಲ ಕಾರ್ಡುಗಳನ್ನೂ ತೆಗೆದು ನೋಡುವ ಪದ್ಧತಿಯಲ್ಲಿ ಕಡತಗಳು ಹೆಚ್ಚಿದಷ್ಟೂ ಹೊತ್ತು ಹೆಚ್ಚು. ದೊಡ್ಡ ಯಂತ್ರಗಳು ಏಳುವುದಕ್ಕೆ ಗಂಟೆಗಟ್ಟಲೆ ಹಿಡಿಯತೊಡಗಿತು.

ಇದಕ್ಕೆ ಸಿಕ್ಕಿದ ಪರಿಹಾರ ನಮ್ಮ ಹಳೆಯ ಅಂಗಡಿ ಲೆಕ್ಕದ ಪರಿಹಾರವೇ. ವ್ಯಾಪಾರಿ ನೇರವಾಗಿ ಖಾತೆ ಪುಸ್ತಕಕ್ಕೆ ಕೈ ಹಚ್ಚುವುದಿಲ್ಲ. ಮೊದಲು ದಿನದ ಕಿರ್ದಿಯಲ್ಲಿ ಬರೆದು ನಂತರ ಖಾತೆಗೆ ಏರಿಸುತ್ತಾನೆ. ಮಧ್ಯದಲ್ಲಿ ದೀಪ ಆರಿದರೂ ಕಿರ್ದಿಯ ಕೊನೆಯ ಪುಟ ನೋಡಿದರೆ ಎಲ್ಲಿ ನಿಂತಿತೆಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಜರ್ನಲ್ ಎಂದೇ ಹೆಸರು. ಐಬಿಎಂ ತನ್ನ ಯೂನಿಕ್ಸಿನಲ್ಲಿ 1990ರಲ್ಲಿ ಇದನ್ನು ತಂದಿತು. ವಿಂಡೋಸ್ ಎನ್‌ಟಿಯ ಕಡತ ವ್ಯವಸ್ಥೆಯಲ್ಲೂ ಇಂಥ ದಾಖಲೆ ಇತ್ತು. ಲಿನಕ್ಸಿಗೆ ಸ್ಟೀಫನ್ ಟ್ವೀಡಿ ರಚಿಸಿದ ಎಕ್ಸ್‌ಟಿ3 ವ್ಯವಸ್ಥೆ 2001ರಲ್ಲಿ ಸೇರಿತು. ಅದರ ಮುಂದಿನದಾದ ಎಕ್ಸ್‌ಟಿ4 2008ರ ಕೊನೆಯಲ್ಲಿ ಸಿದ್ಧವಾಯಿತು. ಗಂಟೆಗಳ ಕೆಲಸ ಕ್ಷಣಗಳಿಗೆ ಇಳಿಯಿತು.

ಕಿರ್ದಿಯಿದ್ದ ಮಾತ್ರಕ್ಕೆ ಪೂರ್ಣ ತಪಾಸಣೆ ಬೇಡವೆಂದೇನೂ ಆಗಲಿಲ್ಲ. ಡಿಸ್ಕಿನ ಮೇಲ್ಮೈಯೇ ಹಾಳಾದರೆ, ಪ್ರೋಗ್ರಾಮಿನಲ್ಲೇ ದೋಷವಿದ್ದರೆ ಕಿರ್ದಿ ಏನೂ ಮಾಡಲಾರದು. ಆದ್ದರಿಂದ ಎಕ್ಸ್‌ಟಿ ವ್ಯವಸ್ಥೆಗಳಲ್ಲಿ ಇಷ್ಟು ಸಲ ತೆರೆದ ಮೇಲೆ ಅಥವಾ 180 ದಿನ ಕಳೆದ ಮೇಲೆ ಒಮ್ಮೆ ಪೂರ್ಣ ತಪಾಸಣೆ ನಡೆಯಲೇಬೇಕೆಂಬ ಗಡುವನ್ನು ಬಹುಕಾಲ ಇಟ್ಟುಕೊಂಡಿದ್ದರು. ನಿನ್ನೆ ಸರಿಯಾಗಿ ಮುಚ್ಚಿದ, ಯಾವ ದೂರೂ ಇಲ್ಲದ ಯಂತ್ರ ಇವತ್ತು ಬೆಳಿಗ್ಗೆ ಏಕಾಏಕಿ ತಪಾಸಣೆಗೆ ಕುಳಿತುಬಿಡುತ್ತಿತ್ತು. ಮುಂದೆ ಹೊಸ ಡಿಸ್ಕುಗಳಲ್ಲಿ ಈ ಗಡುವನ್ನು ಕೈಬಿಡಲಾಯಿತು. ಅಷ್ಟರೊಳಗೆ ಇನ್ನೊಂದು ಬದಲಾವಣೆ ಆಗಿಹೋಗಿತ್ತು.

ಪರದೆ ಕಪ್ಪಾದ ಕಥೆ

ಯಂತ್ರ ಏಳುವಾಗ ಬರುವ ಸಾಲುಸಾಲು ಅಕ್ಷರಗಳು ಸಾಮಾನ್ಯ ಜನರನ್ನು ಹೆದರಿಸುತ್ತವೆ ಎಂಬ ಭಾವನೆ ತಯಾರಕರಲ್ಲಿ ಬೆಳೆಯಿತು. ವಿಂಡೋಸ್ 95 ಆ ಅಕ್ಷರಗಳ ಮೇಲೆ ಮೋಡದ ಚಿತ್ರವೊಂದನ್ನು ಹೊದಿಸಿತು. ಎಸ್ಕೇಪ್ ಕೀಲಿ ಒತ್ತಿದರೆ ಮಾತ್ರ ಹಿಂದಿನದು ಕಾಣುತ್ತಿತ್ತು. ಆಪಲ್ ಸಂಸ್ಥೆ 2002ರಲ್ಲಿ ತನ್ನ ಹಳೆಯ ನಗುಮುಖದ ಚಿತ್ರವನ್ನು ತೆಗೆದು ಬೂದುಬಣ್ಣದ ಸೇಬನ್ನಿಟ್ಟಿತು. ಲಿನಕ್ಸಿನವರೂ ಹಿಂದೆ ಬೀಳಲಿಲ್ಲ. ಕ್ವಯಟ್ ಎಂಬ ಒಂದು ಪದದಿಂದ ಯಂತ್ರದ ಬಾಯಿ ಮುಚ್ಚಿಸಿ, ಸ್ಪ್ಲಾಶ್ ಎಂಬ ಇನ್ನೊಂದು ಪದದಿಂದ ಚಿತ್ರ ತೋರಿಸುವ ರೂಢಿ ಬಂತು.

2008ರ ನವೆಂಬರಿನಲ್ಲಿ ಫೆಡೋರಾ 10ರೊಂದಿಗೆ ಪ್ಲಿಮತ್ ಎಂಬ ಚಿತ್ರ ತೋರಿಸುವ ಪ್ರೋಗ್ರಾಮು ಬಂತು. 2010ರ ಏಪ್ರಿಲಿನಲ್ಲಿ ಉಬುಂಟು 10.04 ಅದನ್ನು ಅಳವಡಿಸಿಕೊಂಡಿತು. ಡಿಸ್ಕ್ ತಪಾಸಣೆ ಎಷ್ಟು ಭಾಗ ಮುಗಿದಿದೆ, ಬೇಡವಾದರೆ ಯಾವ ಕೀಲಿ ಒತ್ತಬೇಕು ಎಂಬ ಸಂದೇಶವೂ ಈ ಚಿತ್ರದ ಮೇಲೆಯೇ ಬರಬೇಕೆಂಬುದು ಯೋಜನೆ.

ತೊಡಕಾದದ್ದು ಇಲ್ಲಿಯೇ. ಚಿತ್ರ ತೋರಿಸಬೇಕಾದರೆ ಪರದೆಯ ಚಾಲಕ ಪ್ರೋಗ್ರಾಮು ಮೊದಲೇ ಎಚ್ಚರವಾಗಿರಬೇಕು. ಕರ್ನಲ್ ಎಂಬ ವ್ಯವಸ್ಥೆಯ ಗರ್ಭದಲ್ಲೇ ಪರದೆಯನ್ನು ಹೊಂದಿಸುವ ಹೊಸ ವಿಧಾನ ಆಗತಾನೆ ಬರುತ್ತಿತ್ತು. ಇಂಟೆಲ್ ಚಿತ್ರಫಲಕಗಳಿಗೆ ಅದು 2009ರ ಕರ್ನಲಿನಲ್ಲಿ ಸೇರಿತು. ತಯಾರಕರು ಗುಟ್ಟಾಗಿಟ್ಟುಕೊಂಡ ಚಾಲಕಗಳನ್ನು ಬಳಸುವ ಕೆಲವು ಚಿತ್ರಫಲಕಗಳಿಗೆ ಆ ವಿಧಾನ ಒಗ್ಗಲಿಲ್ಲ. ಅಂಥ ಯಂತ್ರಗಳಲ್ಲಿ ಚಿತ್ರ ತಡವಾಗಿ ಬರುತ್ತಿತ್ತು, ಅಥವಾ ಬರುತ್ತಲೇ ಇರಲಿಲ್ಲ. ಅಕ್ಷರಗಳನ್ನು ಮೊದಲೇ ಮೌನಗೊಳಿಸಿದೆ, ಚಿತ್ರ ಇನ್ನೂ ಬಂದಿಲ್ಲ. ಈ ಎರಡರ ನಡುವಿನ ತೆರಪೇ ಆ ಕಪ್ಪು ಪರದೆ. ಅದೇ ಹೊತ್ತಿನಲ್ಲಿ ಗಡುವಿನ ತಪಾಸಣೆ ಬಂದುಬಿಟ್ಟರೆ, ತೆರಪು ಕ್ಷಣಗಳಿಂದ ನಿಮಿಷಗಳಿಗೆ ಬೆಳೆಯುತ್ತಿತ್ತು. ಪರದೆಯ ಚೌಕಟ್ಟನ್ನು ಯಂತ್ರ ಏಳುವ ಮೊದಲ ಘಳಿಗೆಯಲ್ಲೇ ಸಿದ್ಧಗೊಳಿಸುವಂತೆ ಒಂದು ಸಾಲು ಸೇರಿಸಿ ಬಳಕೆದಾರರು ತಾವೇ ದಾರಿ ಕಂಡುಕೊಂಡರು.

ಹೀಗೆ ಎರಡು ಒಳ್ಳೆಯ ಉದ್ದೇಶಗಳು ಸೇರಿ ಒಂದು ಕೇಡನ್ನು ತಂದವು. ಲೆಕ್ಕ ಸರಿಯಿರಲಿ ಎಂಬುದು ಒಂದು ಉದ್ದೇಶ, ಜನ ಹೆದರದಿರಲಿ ಎಂಬುದು ಇನ್ನೊಂದು. ಜನ ಹೆದರಿದ್ದು ಅಕ್ಷರಗಳಿಗಿಂತ ಹೆಚ್ಚಾಗಿ ಮೌನಕ್ಕೆ. ಇದರ ಮೇಲೆ ಇನ್ನೊಂದು ಸಂಗತಿ ಸೇರಿತು. ಹಳೆಯ ಡಿಸ್ಕುಗಳು ಗುರುಗುಟ್ಟುತ್ತಿದ್ದವು, ಪೆಟ್ಟಿಗೆಯ ಮುಂದೆ ಕೆಂಪು ದೀಪ ಮಿನುಗುತ್ತಿತ್ತು. ಈಗಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದಿಲ್ಲ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿನ ದೀಪವನ್ನೂ ತೆಗೆದುಹಾಕಿದ್ದಾರೆ. ಕಾಗದ ಹೋಯಿತು, ಅಕ್ಷರ ಹೋಯಿತು, ಸದ್ದು ಹೋಯಿತು, ದೀಪವೂ ಹೋಯಿತು.

ನಮ್ಮ ಕಛೇರಿಗಳಲ್ಲಿ

ನಮ್ಮ ದೇಶದ ಬ್ಯಾಂಕುಗಳಲ್ಲಿ ಗಣಕೀಕರಣಕ್ಕೆ ದಾರಿ ಮಾಡಿದ್ದು 1984ರ ರಂಗರಾಜನ್ ಸಮಿತಿಯ ವರದಿ. ಅನಂತರದ ವರ್ಷಗಳಲ್ಲಿ ಅನೇಕ ಬ್ಯಾಂಕು ಹಾಗೂ ಕಛೇರಿಗಳಿಗೆ ಯೂನಿಕ್ಸ್ ಜಾತಿಯ ಯಂತ್ರಗಳು ಬಂದವು. ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಬಾಸ್ ಎಂಬ ಲಿನಕ್ಸ್ ಆವೃತ್ತಿಯನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಸೌಲಭ್ಯದೊಂದಿಗೆ ಹೊರತಂದಿತು. ಯಂತ್ರಗಳೇನೋ ಬಂದವು, ಕರೆಂಟಿನ ಭರವಸೆ ಅವುಗಳೊಂದಿಗೆ ಬರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದದ್ದು ನೆನಪಿರಬಹುದು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಜಾಲಗಳೂ ಸೇರಿ ಅರ್ಧ ದೇಶವೇ ಕತ್ತಲಾಯಿತು. ಡಿಸ್ಕ್ ತಪಾಸಣೆ ಬೇರೆಡೆ ಅಪರೂಪದ ಅತಿಥಿಯಾಗಿರಬಹುದು. ನಮ್ಮಲ್ಲಿ ಅದು ಮನೆಯವನ ಹಾಗೆ.

ನನಗೆ ಗೊತ್ತಿರುವ ಒಂದು ಕಛೇರಿಯ ಸಿಬ್ಬಂದಿ ಶಾಖೆಯಲ್ಲಿ ರಜೆಯ ಲೆಕ್ಕವೆಲ್ಲ ಒಂದು ಯಂತ್ರದಲ್ಲಿತ್ತು. ಸೋಮವಾರ ಬೆಳಿಗ್ಗೆ ಪರದೆ ಕಪ್ಪಾಗಿ ನಿಂತಿತು. ಸಂಬಳದ ಬಿಲ್ಲು ಕಳಿಸಬೇಕಾದ ವಾರ. ಆತುರದಲ್ಲಿ ಮೂರು ಸಲ ಸ್ವಿಚ್ಚು ಆರಿಸಿ ಹಾಕಿದರು. ನಾಲ್ಕನೆಯ ಸಲ ತಪಾಸಣೆ ಪೂರ್ತಿಯಾಗಿ ಯಂತ್ರ ಎದ್ದಿತು. ಆದರೆ ನೂರಾರು ಕಡತಗಳು ಹೆಸರು ಕಳೆದುಕೊಂಡು ಬರೀ ಸಂಖ್ಯೆಗಳಾಗಿ ಬಿದ್ದಿದ್ದವು. ಇಬ್ಬರು ಗುಮಾಸ್ತರು ಎಂಟು ದಿನ ಕುಳಿತು ಒಂದೊಂದನ್ನೇ ತೆರೆದು, ಇದು ಯಾರ ಗಳಿಕೆ ರಜೆ, ಇದು ಯಾರ ಅರ್ಧ ಸಂಬಳದ ರಜೆ ಎಂದು ಗುರುತಿಸಬೇಕಾಯಿತು. ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಜವಾನರ ಲೆಕ್ಕ ಕೊನೆಗೂ ಸಿಗದೆ, ಹಳೆಯ ಕಾಗದದ ಸೇವಾಪುಸ್ತಕ ಹುಡುಕಿ ಹೊಸದಾಗಿ ಬರೆಯಬೇಕಾಯಿತು. ಆ ಸೇವಾಪುಸ್ತಕ ಇಲ್ಲದಿದ್ದರೆ ಅವರಿಗೆ ಬರಬೇಕಾದ ರಜೆಯ ನಗದು ಎಷ್ಟೆಂದು ಹೇಳುವವರಿರಲಿಲ್ಲ.

ತಪಾಸಣೆಯ ನಡುವೆ ಸ್ವಿಚ್ಚು ಆರಿಸಿದ ಮಾತ್ರಕ್ಕೆ ಪ್ರತಿ ಸಲವೂ ಹೀಗಾಗುತ್ತದೆ ಎಂದಲ್ಲ. ಯಂತ್ರ ಬರೀ ಓದುತ್ತಿರುವ ಹಂತದಲ್ಲಿ ನಿಲ್ಲಿಸಿದರೆ ಸಾಮಾನ್ಯವಾಗಿ ಹೆಚ್ಚಿನ ಹಾನಿಯಿಲ್ಲ. ತಿದ್ದಿ ಬರೆಯುತ್ತಿರುವ ಹಂತದಲ್ಲಿ ನಿಲ್ಲಿಸಿದರೆ ಅಪಾಯ. ಈಗ ಯಾವ ಹಂತ ನಡೆಯುತ್ತಿದೆಯೆಂದು ಕಪ್ಪು ಪರದೆ ಹೇಳುವುದಿಲ್ಲ, ಅದೇ ತೊಂದರೆ.

ಮನೆಯಲ್ಲಿ ಮಾಡಬೇಕಾದ್ದು

ಮೊದಲನೆಯದು ತಾಳ್ಮೆ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಡಿಸ್ಕಿನ ದೀಪವಿದ್ದರೆ ಮಿನುಗುತ್ತಿದೆಯೇ ನೋಡಿ. ಕೀಲಿಮಣೆಯ ಕ್ಯಾಪ್ಸ್‌ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಯಂತ್ರಕ್ಕೆ ಎಚ್ಚರವಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು.

ಎರಡನೆಯದು, ಕೆಟ್ಟಿರುವುದು ಪರದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೇಬಲ್ಲು ಸಡಿಲವಾಗಿರಬಹುದು. ಲ್ಯಾಪ್‌ಟಾಪಾದರೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಅಕ್ಷರ ಕಂಡರೆ ಪರದೆಯ ಹಿಂಬೆಳಕು ಮಾತ್ರ ಹೋಗಿದೆ.

ಮೂರನೆಯದು, ಯಂತ್ರವನ್ನು ಮಾತನಾಡಿಸಿ. ಲಿನಕ್ಸಿನಲ್ಲಿ ಎಸ್ಕೇಪ್ ಕೀಲಿ ಒತ್ತಿದರೆ ಚಿತ್ರ ಸರಿದು ಅಕ್ಷರಗಳು ಕಾಣಬಹುದು. ಕಾಣದಿದ್ದರೆ, ಮುಂದಿನ ಸಲ ಯಂತ್ರ ಹಾಕುವಾಗ ಗ್ರಬ್ ಪಟ್ಟಿಯಲ್ಲಿ ಇ ಅಕ್ಷರ ಒತ್ತಿ, ಕ್ವಯಟ್ ಮತ್ತು ಸ್ಪ್ಲಾಶ್ ಎಂಬ ಎರಡು ಪದಗಳನ್ನು ಅಳಿಸಿ ಮುಂದುವರಿಸಿ. ಪರದೆಯ ಚಾಲಕದ ಮೇಲೆ ಸಂಶಯವಿದ್ದರೆ ಅದೇ ಜಾಗದಲ್ಲಿ ನೋಮೋಡ್‌ಸೆಟ್ ಎಂಬ ಪದ ಸೇರಿಸಬಹುದು. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ. ವಿಂಡೋಸಿನಲ್ಲಿ, ಯಂತ್ರ ಎದ್ದ ಮೇಲೆ ಇವೆಂಟ್ ವ್ಯೂವರಿನ ಅಪ್ಲಿಕೇಶನ್ ವಿಭಾಗದಲ್ಲಿ ವಿನ್‌ಇನಿಟ್ ಹೆಸರಿನಡಿ ತಪಾಸಣೆಯ ವರದಿ ಸಿಗುತ್ತದೆ.

ನಾಲ್ಕನೆಯದು, ದಿನವೂ ತಪಾಸಣೆ ನಡೆಯುತ್ತಿದ್ದರೆ ಕಾರಣ ಹುಡುಕಿ. ಹಳೆಯ ಯಂತ್ರಗಳಲ್ಲಿ ಗಡಿಯಾರಕ್ಕೆ ಶಕ್ತಿ ಕೊಡುವ ರೂಪಾಯಿ ಬಿಲ್ಲೆಯಂಥ ಸೆಲ್ ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ. ಹಿಂದಿನ ಸಲ ಬರೆದದ್ದು ಭವಿಷ್ಯದ ತಾರೀಖಿನಲ್ಲಿದೆ ಎಂದು ಯಂತ್ರಕ್ಕೆ ಅನುಮಾನ ಹುಟ್ಟಿ ತಪಾಸಣೆಗೆ ಕೂರುತ್ತದೆ. ಅಗ್ಗದ ಒಂದು ಸೆಲ್ ಬದಲಾಯಿಸಿದರೆ ಮುಗಿಯಿತು.

ಐದನೆಯದು, ಡಿಸ್ಕು ಟಕಟಕ ಸದ್ದು ಮಾಡುತ್ತಿದ್ದರೆ ರಿಪೇರಿಗೆ ಕೈ ಹಾಕಬೇಡಿ. ಸಾಯುತ್ತಿರುವ ಡಿಸ್ಕಿಗೆ ತಪಾಸಣೆಯ ಶ್ರಮವೇ ಕೊನೆಯ ಪೆಟ್ಟಾದೀತು. ಅದನ್ನು ನಿಲ್ಲಿಸಿ, ಬಲ್ಲವರಿಂದ ಮೊದಲು ಪ್ರತಿ ತೆಗೆಸಿಕೊಳ್ಳಿ.

ವಿಂಡೋಸ್ 8ರಲ್ಲಿ, ಅಂದರೆ 2012ರಲ್ಲಿ, ತಪ್ಪು ಹುಡುಕುವ ಕೆಲಸವನ್ನು ಯಂತ್ರ ನಡೆಯುತ್ತಿರುವಾಗಲೇ ಮಾಡಿ, ತಿದ್ದುವುದನ್ನು ಮಾತ್ರ ಏಳುವ ಹೊತ್ತಿಗೆ ಉಳಿಸಿಕೊಳ್ಳುವ ಏರ್ಪಾಡು ಬಂತು. ಕಾಯುವ ಹೊತ್ತು ಕಡಿಮೆಯಾಗಿದೆ. ಕಡಿಮೆಯಾದದ್ದರಿಂದಲೇ ನಮ್ಮ ತಾಳ್ಮೆಯೂ ಕಡಿಮೆಯಾಗಿದೆ. ಯಾವಾಗಲೋ ಒಮ್ಮೆ ಯಂತ್ರ ದೀರ್ಘವಾಗಿ ಲೆಕ್ಕಕ್ಕೆ ಕುಳಿತಾಗ ಅದನ್ನು ಗುರುತಿಸುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ.

ಕೊವಾಲ್‌ಸ್ಕಿ ರೂಪಿಸಿದ ಗುಮಾಸ್ತ ಇಷ್ಟು ವರ್ಷಗಳಾದರೂ ತನ್ನ ಐದು ಹಂತಗಳನ್ನು ಬಿಟ್ಟಿಲ್ಲ. ಅವನಿಗೆ ಹೊತ್ತು ಕೊಟ್ಟರೆ ಉಳಿಸಬಹುದಾದದ್ದನ್ನೆಲ್ಲ ಉಳಿಸಿಕೊಡುತ್ತಾನೆ. ಆದರೆ ಲೆಕ್ಕ ಸರಿಮಾಡುವುದು ಅವನ ಕೆಲಸ. ಕಳೆದುಹೋದ ಧ್ವನಿಯನ್ನು ಹೊಸದಾಗಿ ಹಾಡಿಸುವುದು ಅವನಿಂದಾಗದು. ಆ ಜವಾನರನ್ನು ಕಾಪಾಡಿದ್ದು ಕಪಾಟಿನ ಮೂಲೆಯಲ್ಲಿದ್ದ ಎರಡನೆಯ ಪುಸ್ತಕ. ಅಜ್ಜಿಯ ಸೋಬಾನೆಗೂ ಅಂಥ ಎರಡನೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಊರಿನ ತಮ್ಮನ ಮನೆಯಲ್ಲಿ ಇರಲಿ. ಈ ತಿಂಗಳು ಒಂದು ಭಾನುವಾರ ಅದಕ್ಕೆ ಸಾಕು.